ಬೆಂಗಳೂರು ವಿಮಾನ ನಿಲ್ದಾಣದಿಂದ ಎಂ.ಜಿ. ರಸ್ತೆಯ ಹೋಟೆಲ್‌ಗೆ ಹೋಗುವುದು ಹೇಗೆ?

ಒಬ್ಬರೇ ಇದ್ದು, ಕೈಯಲ್ಲಿ ಒಂದೇ ಪೆಟ್ಟಿಗೆ ಇದ್ದರೆ ಬಸ್ಸೇ ಸಾಕು. ಬಿಎಂಟಿಸಿಯ ವಾಯು ವಜ್ರ ಎಸಿ ಬಸ್ಸುಗಳಲ್ಲಿ ಕೆಐಎ-9 ಹತ್ತಿ. ಅದು ಹೆಬ್ಬಾಳ, ಮೇಖ್ರಿ ವೃತ್ತದ ಮೇಲೆ ಮೆಜೆಸ್ಟಿಕ್‌ಗೆ ಹೋಗುತ್ತದೆ. ಪೆಟ್ಟಿಗೆ ಇಡಲು ಬಸ್ಸಿನೊಳಗೇ ಜಾಗ ಇರುತ್ತದೆ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಎಸಿ ಬಸ್ಸುಗಳಿಗೆ ಅನ್ವಯಿಸುವುದಿಲ್ಲ, ಹಾಗಾಗಿ ಮಹಿಳೆಯರೂ ಟಿಕೆಟ್ ತೆಗೆದುಕೊಳ್ಳಲೇಬೇಕು.

ಮೆಜೆಸ್ಟಿಕ್‌ನಲ್ಲಿ ಇಳಿದವರು ನೇರ ಮೆಟ್ರೋ ನಿಲ್ದಾಣಕ್ಕೆ ನಡೆಯಿರಿ. ಅಲ್ಲಿ ಹಸಿರು, ನೇರಳೆ ಎರಡೂ ಮಾರ್ಗಗಳು ಸೇರುತ್ತವೆ. ನಿಮಗೆ ಬೇಕಾದದ್ದು ನೇರಳೆ ಮಾರ್ಗದಲ್ಲಿ ವೈಟ್‌ಫೀಲ್ಡ್ ಕಡೆಯ ರೈಲು. ಸರ್ ಎಂ. ವಿಶ್ವೇಶ್ವರಯ್ಯ, ವಿಧಾನಸೌಧ, ಕಬ್ಬನ್ ಪಾರ್ಕ್ ಆದಮೇಲೆ ಬರುವುದೇ ಎಂ.ಜಿ. ರಸ್ತೆ. ಸಂಜೆ ಹೊತ್ತು ಆಟೋದವರ ಜೊತೆ ಚೌಕಾಸಿ ಮಾಡುತ್ತಾ ನಿಲ್ಲುವುದಕ್ಕಿಂತ ಇದು ಎಷ್ಟೋ ವಾಸಿ. ಆದರೆ ಮಧ್ಯರಾತ್ರಿ ಇಳಿದರೆ ಮೆಟ್ರೋ ಇರುವುದಿಲ್ಲ.

ರಾತ್ರಿ ಬಂದವರು, ಮಕ್ಕಳು-ಹಿರಿಯರ ಜೊತೆ ಇರುವವರು ಟ್ಯಾಕ್ಸಿ ಹಿಡಿಯಿರಿ. ಸುಮಾರು 35 ಕಿ.ಮೀ. ದಾರಿ. ಸಾವಿರ ರೂಪಾಯಿ ಆಸುಪಾಸು ಆಗುತ್ತದೆ, ಟೋಲ್ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಿ. ರಾತ್ರಿ ಒಂದು ಗಂಟೆಯೊಳಗೆ ಮುಟ್ಟಬಹುದು. ಬೆಳಗ್ಗೆ ಒಂಬತ್ತಕ್ಕೆ ಹೆಬ್ಬಾಳದಲ್ಲಿ ಸಿಕ್ಕಿಹಾಕಿಕೊಂಡರೆ ಯಾವ ಲೆಕ್ಕವೂ ನಡೆಯುವುದಿಲ್ಲ. ಹೊರಗೆ ಬರುತ್ತಿದ್ದಂತೆ 'ಟ್ಯಾಕ್ಸಿ ಬೇಕಾ ಸಾರ್' ಎಂದು ಪಕ್ಕಕ್ಕೆ ಬಂದು ಕೇಳುವವರ ಹಿಂದೆ ಹೋಗಬೇಡಿ. ಅಧಿಕೃತ ಕೌಂಟರ್ ಅಥವಾ ಆ್ಯಪ್ ಮೂಲಕವೇ ಬುಕ್ ಮಾಡಿ.