ಓದುಗರ ಪ್ರಶ್ನೆ: ನಂಬದ ಸಾಲನ್ನು ಹಾಡುವುದು ಹೇಗೆ?

ಪ್ರಶ್ನೆ: ನಾನು ದೇವರನ್ನು ನಂಬುವವನಲ್ಲ. ಹಾಡಿನ ಆಸೆಗೆ ಕಾಯರ್ (ಗಾಯನವೃಂದ) ಸೇರಿದ್ದೇನೆ. ಈ ಸಲ ಲ್ಯಾಟಿನ್ ಮಾಸ್ (ಕ್ರೈಸ್ತ ಪೂಜೆಯ ಪ್ರಾರ್ಥನೆಗಳಿಗೆ ಸ್ವರ ಹಾಕಿದ ಕೃತಿ) ಒಂದನ್ನು ಎತ್ತಿಕೊಂಡಿದ್ದಾರೆ. ‘ನಂಬುತ್ತೇನೆ’ ಎಂಬ ಸಾಲು ಬಂದಾಗ ಸುಮ್ಮನೆ ಬಾಯಿ ಆಡಿಸಿದರೆ ಆಗದೇ?

ಉತ್ತರ: ಬಾಯಿ ಆಡಿಸುವುದೊಂದು ಬೇಡ. ಉಳಿದದ್ದಕ್ಕೆಲ್ಲ ದಾರಿ ಇದೆ.

ಮಾಸ್‌ನಲ್ಲಿ ಸಾಮಾನ್ಯವಾಗಿ ಐದು ಭಾಗ: ಕಿರಿಯೆ, ಗ್ಲೋರಿಯಾ, ಕ್ರೆಡೊ, ಸಾಂಕ್ತುಸ್, ಆನ್ಯುಸ್ ದೇಯಿ. ಕಿರಿಯೆ ಕರುಣೆಯ ಮೊರೆ (ಅದು ಲ್ಯಾಟಿನ್ ಅಲ್ಲ, ಗ್ರೀಕ್). ಗ್ಲೋರಿಯಾದಲ್ಲಿ ‘ನಾವು ಸ್ತುತಿಸುತ್ತೇವೆ’ ಎಂಬ ಬಹುವಚನ. ‘ನಾನು ನಂಬುತ್ತೇನೆ’ ಎಂದು ಏಕವಚನದಲ್ಲಿ ನುಡಿಯುವುದು ವಿಶ್ವಾಸದ ಘೋಷಣೆಯಾದ ಕ್ರೆಡೊ ಒಂದೇ. ಹಾಗಾಗಿ ಇಡೀ ಮಾಸ್ ಬಗ್ಗೆ ಚಿಂತಿಸಬೇಕಾಗಿಲ್ಲ. ಕ್ರೆಡೊದ ಪುಟಗಳನ್ನು ತೆಗೆದು, ಅರ್ಥ ಓದಿಕೊಂಡು, ಯಾವ ಸಾಲು ನಾಲಿಗೆಗೆ ಬರುವುದಿಲ್ಲ ಎಂದು ಮೊದಲೇ ಗುರುತಿಸಿ. ಹೆಚ್ಚಿನವರಿಗೆ ಅದು ಎರಡು ಮೂರು ಸಾಲಿಗಿಂತ ಜಾಸ್ತಿ ಇರುವುದಿಲ್ಲ. ಪಾತ್ರಧಾರಿ ಮಾತಾಡಿದ ಹಾಗೆ ಅದನ್ನೂ ಹಾಡಿಬಿಡುವವರು ಬಹಳ ಮಂದಿ. ಅದರಲ್ಲಿ ಕಪಟವೇನೂ ಇಲ್ಲ. ಹಾಗೆ ಆಗದವರು ಆ ಸಾಲಿಗೆ ಮೌನವಾಗಿರಲಿ.

ಆದರೆ ಮೌನಕ್ಕೂ ಕ್ರಮ ಉಂಟು. ಬಾಯಿ ಆಡಿಸುವವರು ಸಾಲಿನ ಜೊತೆ ಉಸಿರು ತೆಗೆದುಕೊಂಡಿರುವುದಿಲ್ಲ. ಮುಂದಿನ ಸಾಲಿಗೆ ಬರುವಾಗ ಅರ್ಧ ತಾಳ ತಡ, ಸ್ವರವೂ ಸ್ವಲ್ಪ ಕೆಳಗೆ. ಅವರ ದನಿಗೆ ಕಿವಿಕೊಟ್ಟು ಹಾಡುತ್ತಿದ್ದ ಪಕ್ಕದವರೂ ಜಾರುತ್ತಾರೆ. ಬಾಯಿ ಮುಚ್ಚಿ, ಉಳಿದವರ ಜೊತೆಗೇ ಉಸಿರಾಡಿ, ಸ್ವರವನ್ನು ಮನಸ್ಸಿನಲ್ಲೇ ಹಿಂಬಾಲಿಸಿ. ಬಿಡುವುದಿದ್ದರೆ ಪೂರ್ತಿ ಸಾಲು ಬಿಡಿ, ಸಾಲಿನ ನಡುವೆ ಒಂದೇ ಪದ ಕಿತ್ತುಹಾಕಬೇಡಿ. ಸ್ವರಲಿಪಿಯಲ್ಲಿ ಪೆನ್ಸಿಲ್‌ನಿಂದ ಕಂಸ ಹಾಕಿ, ಮೊದಲ ಅಭ್ಯಾಸದ ದಿನವೇ ನಿರ್ದೇಶಕರಿಗೆ ತೋರಿಸಿ. ಬಾಸ್ (ಗಂಡಸರ ಕೆಳದನಿ) ಸಾಲಿನಲ್ಲಿ ಎಂಟು ಜನರಿದ್ದರೆ ಒಬ್ಬರು ಸುಮ್ಮನಿದ್ದದ್ದು ಕೇಳುಗರಿಗೆ ಗೊತ್ತೇ ಆಗದು. ಇಬ್ಬರೇ ಇದ್ದರೆ ಅರ್ಧ ಬಾಸ್ ಹೋಯಿತು, ಅಂಥ ಕಡೆ ಆ ಪಾತ್ರಕ್ಕೆ ಇನ್ನೊಬ್ಬರನ್ನು ಕರೆಸುವುದೇ ನ್ಯಾಯ. ಒಂದೇ ಸಾಲನ್ನು ಬಿಡುವ ಇಬ್ಬರು ಅಕ್ಕಪಕ್ಕ ನಿಲ್ಲಬಾರದು.

ಈ ಇಕ್ಕಟ್ಟು ನಾಸ್ತಿಕರದ್ದು ಮಾತ್ರವಲ್ಲ. ಪವಿತ್ರಾತ್ಮ ತಂದೆಯಿಂದ ‘ಮತ್ತು ಮಗನಿಂದ’ ಹೊರಡುತ್ತದೆ ಎನ್ನುವ, ಕ್ರೆಡೊದಲ್ಲಿ ಬರುವ ‘ಫಿಲಿಓಕ್ವೆ’ ಎಂಬ ಒಂದೇ ಪದವನ್ನು ಆರ್ಥೊಡಾಕ್ಸ್ ಕ್ರೈಸ್ತರು ಒಪ್ಪುವುದಿಲ್ಲ. ಸಂಗೀತ ರಚನಕಾರ ಶೂಬರ್ಟ್ ತನ್ನ ಆರು ಲ್ಯಾಟಿನ್ ಮಾಸ್‌ಗಳಲ್ಲಿ ಒಂದರಲ್ಲೂ ‘ಏಕ, ಪವಿತ್ರ, ಕಥೋಲಿಕ ಸಭೆ’ಯನ್ನು ನಂಬುವ ಸಾಲಿಗೆ ಸ್ವರ ಹಾಕಲೇ ಇಲ್ಲ. ಆ ಸಾಲಿನ ಮೇಲಷ್ಟೇ ನಿಮ್ಮ ತಕರಾರಿದ್ದರೆ, ಶೂಬರ್ಟ್ ಆರಿಸಿ ಎಂದು ನಿರ್ದೇಶಕರಿಗೆ ಹೇಳಿ ನೋಡಬಹುದು!

ಪ್ರಶ್ನೆ: ಲ್ಯಾಟಿನ್ ಸಾಹಿತ್ಯವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡರೆ ಸಾಕೇ?

ಉತ್ತರ: ಇಂಗ್ಲಿಷ್ ಕಾಗುಣಿತ ನೋಡಿ ಓದುವುದಕ್ಕಿಂತ ಎಷ್ಟೋ ಮೇಲು, ನಮ್ಮ ಸ್ವರಾಕ್ಷರಗಳು ಲ್ಯಾಟಿನ್‌ಗೆ ಚೆನ್ನಾಗಿ ಒದಗುತ್ತವೆ. ಆದರೆ ಮೊದಲು ಯಾವ ಉಚ್ಚಾರ ಎಂದು ಕೇಳಿ. ಇಟಾಲಿಯನ್ ರೀತಿಯಲ್ಲಿ ‘ಎಕ್‌ಷೆಲ್ಸಿಸ್’, ‘ಆನ್ಯುಸ್’. ಜರ್ಮನ್ ರೀತಿಯಲ್ಲಿ ‘ಎಕ್ಸ್‌ತ್ಸೆಲ್ಸಿಸ್’, ‘ಆಗ್ನುಸ್’. ಎರಡೂ ಸರಿಯೇ, ಬೆರೆಸುವುದು ತಪ್ಪು.

ಬರೆದುಕೊಳ್ಳುವಾಗ ಟ, ಡ ಬಳಸಬೇಡಿ. ‘ತೆರ್ರ’, ‘ದೋನ’ ಎಂದು ತ, ದ ಇರಲಿ. ಇನ್ನು ಕನ್ನಡದ ಬಾಯಿ ಮಾಡುವ ಎರಡು ಕಿತಾಪತಿ. ‘ಎಲ್ಲಿ’ಯನ್ನು ‘ಯೆಲ್ಲಿ’, ‘ಒಂದು’ವನ್ನು ‘ವೊಂದು’ ಎನ್ನುವ ಅಭ್ಯಾಸದಿಂದ ‘ಎತ್’ ಹೋಗಿ ‘ಯೆತ್’ ಆಗುತ್ತದೆ, ‘ಓಮ್ನೆಸ್’ ಹೋಗಿ ‘ವೋಮ್ನೆಸ್’ ಆಗುತ್ತದೆ. ತುಟಿ, ನಾಲಿಗೆ ಸ್ವರದ ಜಾಗಕ್ಕೆ ಬಂದಮೇಲೆ ದನಿ ಹೊರಡಿಸಿದರೆ ಇದು ನಿಲ್ಲುತ್ತದೆ. ಎರಡನೆಯದು, ಬಸ್ಸನ್ನು ‘ಬಸ್ಸು’ ಮಾಡಿದ ಹಾಗೆ ‘ನೋಬಿಸ್’ ಅನ್ನು ‘ನೋಬಿಸು’ ಮಾಡುವುದು. ಕೊನೆಯ ಸಕಾರ ಯಾವ ತಾಳಕ್ಕೆ ಎಂದು ಗುರುತು ಹಾಕಿ, ಅಲ್ಲಿ ಎಲ್ಲರೂ ಚುಟುಕಾಗಿ ಮುಗಿಸಿ. ಇಲ್ಲವಾದರೆ ಮೂವತ್ತು ಜನರ ‘ಸ್’ ಒಂದಾದ ಮೇಲೊಂದು ಬಂದು ಕುಕ್ಕರಿನ ಹಬೆಯಂತೆ ಕೇಳುತ್ತದೆ.

ಪ್ರಶ್ನೆ: ಹೀಬ್ರೂ ಕೀರ್ತನೆಯೊಂದನ್ನು ಕಲಿಯುತ್ತಿದ್ದೇವೆ. ನಮ್ಮಲ್ಲಿರುವ ಯೆಹೂದಿ ಗಾಯಕಿ ಅಭ್ಯಾಸದಲ್ಲಿ ದೇವರ ಹೆಸರನ್ನು ಬೇರೆಯಾಗಿ ಹೇಳುತ್ತಾರೆ. ಸರಿಪಡಿಸಬೇಕೇ?

ಉತ್ತರ: ಬೇಡ. ಅದು ತಪ್ಪಲ್ಲ, ಮರ್ಯಾದೆ. ಪ್ರಾರ್ಥನೆಯಲ್ಲದ ಹೊತ್ತಿನಲ್ಲಿ ದೇವರ ಹೆಸರು ಎತ್ತಬಾರದೆಂದು ಶ್ರದ್ಧಾವಂತ ಯೆಹೂದಿಗಳು ‘ಅದೊನಾಯ್’ ಬದಲು ‘ಅದೊಶೆಮ್’, ‘ಎಲೊಹೀಮ್’ ಬದಲು ‘ಎಲೊಕೀಮ್’ ಎನ್ನುತ್ತಾರೆ. ಅಕ್ಷರ ಸಂಖ್ಯೆ ಅಷ್ಟೇ ಇರುವುದರಿಂದ ರಾಗಕ್ಕೆ ತೊಂದರೆಯಿಲ್ಲ. ಅಭ್ಯಾಸದಲ್ಲಿ ಇಡೀ ತಂಡವೇ ಹಾಗೆ ಹಾಡಬಹುದು. ಕಛೇರಿಯ ದಿನ ಯಾವ ರೂಪ ಎಂಬುದರಲ್ಲಿ ಅವರೊಳಗೇ ಭಿನ್ನಾಭಿಪ್ರಾಯವಿದೆ, ಅದನ್ನು ಅವರನ್ನೇ ಕೇಳಿ. ‘ಅದೊಶೆಮ್’ನ ಕೊನೆಯ ಮಕಾರದಲ್ಲಿ ತುಟಿ ಮುಚ್ಚುತ್ತದೆ, ‘ನಾಯ್’ನಲ್ಲಿ ತೆರೆದಿರುತ್ತದೆ. ಕಡೆಯ ಎರಡು ಅಭ್ಯಾಸಗಳಲ್ಲಾದರೂ ನಿಜವಾಗಿ ಹಾಡಲಿರುವ ರೂಪವನ್ನೇ ಹಾಡದಿದ್ದರೆ ವೇದಿಕೆಯಲ್ಲಿ ದನಿಯ ಬಣ್ಣ ಬದಲಾಗುತ್ತದೆ.

ಪ್ರಶ್ನೆ: ಸಂಗೀತ ರಚನಕಾರ ಬಾಖ್‌ನ ಸಂತ ಯೋಹಾನನ ಪ್ಯಾಶನ್‌ನಲ್ಲಿ (ಯೇಸುವಿನ ಯಾತನೆ, ಮರಣದ ಕಥೆ ಹಾಡುವ ಕೃತಿ) ‘ಯೆಹೂದಿಗಳು ಕೂಗಿದರು’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಯೇಸುವಿನ ಸಾವಿನ ಹೊಣೆಯನ್ನು ಒಂದು ಜನಾಂಗದ ಮೇಲೆ ಹೊರಿಸಿದಂತೆ ಕೇಳುತ್ತದೆ. ಪದ ಬದಲಾಯಿಸಬಹುದೇ?

ಉತ್ತರ: 1724ರ ಶುಭ ಶುಕ್ರವಾರ ಲೈಪ್ಸಿಗ್‌ನಲ್ಲಿ ಮೊದಲು ಹಾಡಿದ ಕೃತಿ ಇದು. ಜರ್ಮನ್‌ನ ‘ಯೂಡೆನ್’ (ಯೆಹೂದಿಗಳು) ಜಾಗದಲ್ಲಿ ‘ಜನರು’ ಎಂಬ ಅರ್ಥದ ‘ಲಾಯ್ಟೆ’ ಕೂರುತ್ತದೆ. ಎರಡೂ ಎರಡಕ್ಷರ, ಒತ್ತು ಮೊದಲನೆಯದರ ಮೇಲೆ. ಆದರೆ ‘ಯೆಹೂದಿಗಳ ಅರಸ’ ಎಂಬ ಬಿರುದು ಬರುವ ಕಡೆ ಹಾಗೆ ಮಾಡಿದರೆ ಅರ್ಥವೇ ಕೆಡುತ್ತದೆ. ಶಿಲುಬೆಯ ಮೇಲೆ ಬರೆದದ್ದೇ ಅದು. ಅಲ್ಲಲ್ಲಿ ಬದಲಿಸಿ ಅಲ್ಲಲ್ಲಿ ಬಿಟ್ಟರೆ ತೇಪೆ ಎದ್ದು ಕಾಣುತ್ತದೆ. ನಮ್ಮ ಅಭಿಪ್ರಾಯ: ಮೂಲವನ್ನು ಹಾಗೇ ಹಾಡಿ, ಕಾರ್ಯಕ್ರಮದ ಹಾಳೆಯಲ್ಲಿ ಅನುವಾದದ ಜೊತೆ ಒಂದು ಪ್ಯಾರಾ ಬರೆಯಿರಿ. ನಿನ್ನನ್ನು ಹೀಗೆ ಹೊಡೆದವರಾರು ಎಂದು ಇದೇ ಕೃತಿಯ ಕೋರಾಲ್ (ಸ್ತುತಿಗೀತೆ) ಒಂದು ಯೇಸುವನ್ನು ಕೇಳುತ್ತದೆ. ಅದರ ಮುಂದಿನ ಚರಣದ ಉತ್ತರ, ‘ನಾನು, ನಾನು ಮತ್ತು ನನ್ನ ಪಾಪಗಳು’. ಟಿಪ್ಪಣಿಗೆ ಇದಕ್ಕಿಂತ ಒಳ್ಳೆಯ ಆರಂಭ ಬೇಕಿಲ್ಲ. ಹಾಗಿದ್ದೂ ತಂಡದಲ್ಲಿ ಯಾರಿಗಾದರೂ ನೋವಾದರೆ, ಆ ಸಾಲುಗಳಿಗೆ ಮೊದಲ ಉತ್ತರದ ಪೆನ್ಸಿಲ್ ಕಂಸವೇ ಸಾಕು.

ಪ್ರಶ್ನೆ: ನಾಲ್ಕು ಮತದವರಿರುವ ತಂಡ. ಅಭ್ಯಾಸಕ್ಕೆ ಯಾವ ಹೊತ್ತು?

ಉತ್ತರ: ಶುಕ್ರವಾರ ಮಧ್ಯಾಹ್ನ (ಮುಸ್ಲಿಮರ ನಮಾಜ್), ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ (ಯೆಹೂದಿಗಳ ಸಬ್ಬತ್), ಭಾನುವಾರ ಬೆಳಿಗ್ಗೆ (ಚರ್ಚ್) ಬಿಡಿ. ಉಳಿದದ್ದರಲ್ಲಿ ಆರಿಸಿ. ರಮ್ಜಾನ್ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ಹಳೆಯ ವೇಳಾಪಟ್ಟಿ ನಂಬಬೇಡಿ. ಉಪವಾಸದಲ್ಲಿ ನೀರೂ ಇಲ್ಲ, ಅಂಥವರು ಎತ್ತರದ ಸ್ವರಗಳನ್ನು ಒಂದು ಸ್ಥಾಯಿ ಕೆಳಗೆ, ಅರ್ಧ ದನಿಯಲ್ಲಿ ಹಾಡಲಿ. ಕುಡಿದ ನೀರು ಧ್ವನಿತಂತುಗಳಿಗೆ ನೇರ ತಾಗುವುದಿಲ್ಲ, ಮೈಗೆ ಹತ್ತಬೇಕು. ಉಪವಾಸ ಬಿಟ್ಟ ತಕ್ಷಣ ಪೂರ್ಣ ದನಿ ಕೇಳಬೇಡಿ.

ಪ್ರಶ್ನೆ: ಕಛೇರಿಯಲ್ಲ, ಕಥೋಲಿಕ ಪೂಜೆಯಲ್ಲೇ ಹಾಡಬೇಕು. ಬೇರೆ ಮತದವರು ಏನು ಮಾಡಬೇಕು?

ಉತ್ತರ: ಏಳುವುದು, ಕೂರುವುದು ಎಲ್ಲರ ಜೊತೆ. ಮೊಣಕಾಲೂರುವುದು, ಶಿಲುಬೆ ಗುರುತು ಹಾಕಿಕೊಳ್ಳುವುದು ಬೇಕಿಲ್ಲ, ತಲೆ ತಗ್ಗಿಸಿ ಸುಮ್ಮನಿದ್ದರಾಯಿತು. ಗಡಿಬಿಡಿಯಾಗುವುದು ಪರಮಪ್ರಸಾದದ ಹೊತ್ತಿನಲ್ಲಿ. ಕಾಯರ್ ಸಾಲಾಗಿ ಎದ್ದು ಹೋಗುವಾಗ ನಡುವೆ ನಿಂತವರು ಸಂಕೋಚಕ್ಕೆ ಹಿಂದೆಯೇ ನಡೆದು, ಕೈಯಲ್ಲಿ ಪ್ರಸಾದ ಬಂದಾಗ ಕಕ್ಕಾಬಿಕ್ಕಿಯಾಗುತ್ತಾರೆ. ಅದು ಕಥೋಲಿಕರಿಗಷ್ಟೇ. ಹೋಗದವರನ್ನು ಸಾಲಿನ ತುದಿಗಳಲ್ಲಿ ಕೂರಿಸಿದರೆ ಯಾರನ್ನೂ ದಾಟಬೇಕಾಗಿಲ್ಲ. ಕೆಲವು ಕಡೆ ಎದೆಯ ಮೇಲೆ ಕೈ ಅಡ್ಡ ಕಟ್ಟಿ ಹೋದರೆ ಆಶೀರ್ವಾದ ಮಾತ್ರ ಕೊಡುತ್ತಾರೆ. ಅಲ್ಲಿ ಆ ರೂಢಿ ಇದೆಯೇ ಎಂದು ಪಾದ್ರಿಯವರನ್ನು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.