ಮನೆ ಸಿಮ್ಯುಲೇಟರ್‌ನಲ್ಲಿ ಇನ್‌ಸ್ಟ್ರುಮೆಂಟ್ ಫ್ಲೈಯಿಂಗ್ ಕಲಿಬಹುದಾ?

ಪ್ರಶ್ನೆ: ಪ್ರೈವೇಟ್ ಪೈಲಟ್ ಲೈಸೆನ್ಸ್ ಆಗಿದೆ, ಇನ್ಮೇಲೆ ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದ್ರೆ ಹೊರಗೆ ಕಾಣದಿದ್ರೂ ಪ್ಯಾನೆಲ್ ನೋಡಿ ಹಾರೋ ಅರ್ಹತೆ. ಮನೇಲಿ ಎಕ್ಸ್-ಪ್ಲೇನ್ ಅನ್ನೋ ಸಿಮ್ಯುಲೇಟರ್ ಸಾಫ್ಟ್‌ವೇರ್ ಹಾಕ್ಕೊಂಡು ಪ್ರಾಕ್ಟೀಸ್ ಮಾಡಿದ್ರೆ ಉಪಯೋಗ ಆಗುತ್ತಾ, ಇಲ್ಲ ಕೆಟ್ಟ ಅಭ್ಯಾಸ ಅಂಟ್ಕೊಳ್ಳುತ್ತಾ?

ಉತ್ತರ: ಎರಡೂ ಆಗ್ಬಹುದು. ಲ್ಯಾಂಡಿಂಗ್ ಕಲಿಯೋಕೆ ಮನೆ ಸಿಮ್ಯುಲೇಟರ್ ಅಷ್ಟಕ್ಕಷ್ಟೆ, ಆದ್ರೆ ಇನ್‌ಸ್ಟ್ರುಮೆಂಟ್‌ಗೆ ಹೇಳಿ ಮಾಡಿಸಿದ ಹಾಗಿದೆ, ಯಾಕಂದ್ರೆ ಮೋಡದೊಳಗೆ ಹೇಗಿದ್ರೂ ಹೊರಗೇನೂ ಕಾಣಲ್ಲ, ಇರೋದೆಲ್ಲ ಪ್ಯಾನೆಲ್ ಮೇಲೇ. ಎಡ್ವಿನ್ ಲಿಂಕ್ ಅನ್ನೋರು 1929ರಷ್ಟು ಹಿಂದೆನೇ ಆರ್ಗನ್ ವಾದ್ಯದಲ್ಲಿರೋ ಥರದ ತಿದಿಗಳನ್ನ ಬಳಸಿ ನೆಲದ ಮೇಲೇ ಹಾರಾಟ ಕಲಿಸೋ ಟ್ರೈನರ್ ಕಟ್ಟಿದ್ರು, 1934ರಲ್ಲಿ ಅಮೆರಿಕದ ಸೇನಾ ಪೈಲಟ್‌ಗಳು ಟಪಾಲು ಒಯ್ಯೋಕೆ ಹೋಗಿ ಕೆಟ್ಟ ಹವಾಮಾನಕ್ಕೆ ಸಿಕ್ಕಿ ಪ್ರಾಣ ಕಳ್ಕೊಂಡ ಮೇಲೆ ಸೇನೆ ಅದನ್ನ ಕೊಂಡ್ಕೊಳ್ತು.

ಹೊರಗಿನ ವ್ಯೂ ಬೇಡ, ಆಟೋಪೈಲಟ್ ಆಫ್ ಮಾಡಿ, ಮೋಡ ಕೆಳಗಿಳಿಸಿ. ಮೊದಲು ಸ್ಕ್ಯಾನ್. ಕಣ್ಣು ವಿಮಾನದ ವಾಲಿಕೆ ತೋರಿಸೋ ಆಟಿಟ್ಯೂಡ್ ಇಂಡಿಕೇಟರ್‌ನಿಂದ ಎತ್ತರ ತೋರಿಸೋ ಆಲ್ಟಿಮೀಟರ್‌ಗೆ ಹೋಗಿ ವಾಪಸ್ ಬರ್ಬೇಕು, ಆಮೇಲೆ ಹೆಡಿಂಗ್‌ಗೆ (ಮೂತಿ ಇರೋ ದಿಕ್ಕಿಗೆ) ಹೋಗಿ ಮತ್ತೆ ವಾಪಸ್, ಒಂದೇ ಡಯಲ್ ದಿಟ್ಟಿಸ್ತಾ ಕೂತ್ರೆ ಆ ಕಡೆ ಹೆಡಿಂಗ್ ಜಾರಿರುತ್ತೆ. ಸೆಕೆಂಡಿಗೆ 3 ಡಿಗ್ರಿಯ ಸ್ಟ್ಯಾಂಡರ್ಡ್ ಟರ್ನ್ ಹಾಕಿ 2 ನಿಮಿಷಕ್ಕೆ ಪೂರ್ತಿ ಸುತ್ತು ಬನ್ನಿ, ಎತ್ತರ ಹಂದಾಡ್ಬಾರ್ದು.

ಸಿಮ್ಯುಲೇಟರ್‌ನ ನಿಜವಾದ ಆಸ್ತಿ ಅಂದ್ರೆ ನನ್ನ ಪ್ರಕಾರ ಹಾರಾಟವನ್ನ ಅಲ್ಲೇ ನಿಲ್ಲಿಸೋ ಪಾಜ್ ಬಟನ್. ಹೋಲ್ಡಿಂಗ್ (ಸರದಿ ಬರೋವರೆಗೆ ಒಂದೇ ಜಾಗದಲ್ಲಿ ಸುತ್ತೋದು) ಮಾಡುವಾಗ ಅಡ್ಡಗಾಳಿ 20 ನಾಟ್ ಇಟ್ಕೊಳ್ಳಿ, ಎಲ್ಲಿದ್ದೀನಿ ಅಂತ ತಲೆ ಗೊಂದಲ ಆದ ಕ್ಷಣವೇ ನಿಲ್ಲಿಸಿ, ಮೊದಲು ನೀವೇ ಹಾಳೆ ಮೇಲೆ ಜಾಗ ಗುರುತು ಹಾಕಿ ಆಮೇಲೆ ಮ್ಯಾಪ್ ತೆಗೆದು ನೋಡಿ, ನಿಜವಾದ ವಿಮಾನದಲ್ಲಿ ಈ ಅವಕಾಶ ಯಾರೂ ಕೊಡಲ್ಲ. ಐಎಲ್‌ಎಸ್‌ಗೂ ಅಷ್ಟೇ, ಅಂದ್ರೆ ರೇಡಿಯೋ ಸಿಗ್ನಲ್ ಹಿಡಿದು ರನ್‌ವೇ ಕಡೆ ಇಳಿಯೋ ವಿಧಾನಕ್ಕೂ. ಗ್ರೌಂಡ್ ಸ್ಪೀಡ್ 90 ನಾಟ್ ಇದ್ರೆ ಐದರಿಂದ ಗುಣಿಸಿ, ನಿಮಿಷಕ್ಕೆ ಸುಮಾರು 450 ಅಡಿ ಇಳಿದ್ರೆ 3 ಡಿಗ್ರಿ ಗ್ಲೈಡ್ ಸ್ಲೋಪ್, ಅಂದ್ರೆ ಇಳಿಜಾರಿನ ದಾರಿ, ಸಿಗುತ್ತೆ. ರನ್‌ವೇ ಹತ್ರ ಆದಷ್ಟೂ ದಾರಿ ತಪ್ಪಿದ್ದು ತೋರಿಸೋ ಸೂಜಿ ಚುರುಕಾಗುತ್ತೆ, ಅದನ್ನ ಅಟ್ಟಿಸ್ಕೊಂಡು ಹೋಗ್ಬೇಡಿ, ಎರಡು ಮೂರು ಡಿಗ್ರಿ ಹೆಡಿಂಗ್ ಬದಲಿಸಿ ಕಾದು ನೋಡಿ.

ಮನೆಯ ಕುರ್ಚಿ ಕಲಿಸದೇ ಇರೋದು ಒಂದಿದೆ, ಅದು ಒಳಗಿವಿಯ ಮೋಸ. ಮೋಡದಲ್ಲಿ ವಿಮಾನ ನಿಧಾನಕ್ಕೆ ವಾಲಿದ್ರೆ ಮೈಗೆ ಗೊತ್ತೇ ಆಗಲ್ಲ, ರೆಕ್ಕೆ ಸರಿ ಮಾಡಿದ ತಕ್ಷಣ ಆಚೆ ಕಡೆ ವಾಲಿದ ಹಾಗೆ ಅನ್ಸುತ್ತೆ, ಆಗ ಮೈ ಮಾತು ಬಿಟ್ಟು ಪ್ಯಾನೆಲ್ ನಂಬ್ಬೇಕು. ಅದು ಇನ್‌ಸ್ಟ್ರಕ್ಟರ್ ಜೊತೆ ಗಾಳೀಲಿ ಹಾರ್ತಾನೇ ರೂಢಿ ಆಗ್ಬೇಕು.

ಪ್ರಶ್ನೆ: ಈ ಗಂಟೆಗಳನ್ನ ಲಾಗ್‌ಬುಕ್‌ನಲ್ಲಿ ಬರ್ಕೊಬಹುದಾ?

ಉತ್ತರ: ಮನೆ ಕಂಪ್ಯೂಟರ್‌ನದ್ದು ಬರ್ಕೊಳ್ಳೋ ಹಾಗಿಲ್ಲ. ಒಪ್ಪಿಗೆ ಪಡೆದ ಟ್ರೈನಿಂಗ್ ಡಿವೈಸ್ ಬೇರೇನೇ ಇದೆ, ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ನಿಯಮದಲ್ಲಿ ರೇಟಿಂಗ್‌ಗೆ ಬೇಸಿಕ್ ಡಿವೈಸ್‌ನಲ್ಲಿ 10 ಗಂಟೆ, ಅಡ್ವಾನ್ಸ್ಡ್‌ನಲ್ಲಿ 20 ಗಂಟೆವರೆಗೂ ಲೆಕ್ಕಕ್ಕೆ ಬರುತ್ತೆ, ಅದೂ ಇನ್‌ಸ್ಟ್ರಕ್ಟರ್ ಜೊತೆಗಿದ್ದು ಕಲಿಸಿದ್ರೆ. ಹಾಗಂತ ಮನೆಯ ಪ್ರಾಕ್ಟೀಸ್ ಬಿಡ್ಬೇಡಿ, ನಾಳೆ ಹಾರೋ ಅಪ್ರೋಚನ್ನ (ರನ್‌ವೇಗೆ ಇಳಿದು ಬರೋ ದಾರಿಯನ್ನ) ಅದರ ಚಾರ್ಟ್ ಇಟ್ಕೊಂಡು ಹಿಂದಿನ ರಾತ್ರಿ ಮಾಡಿ ನೋಡಿ, ಇಳಿಯೋಕಾಗದೆ ಮತ್ತೆ ಮೇಲೇರೋ ಮಿಸ್ಡ್ ಅಪ್ರೋಚನ್ನೂ ಸೇರಿಸಿ.