ಫ್ಲಾರೆನ್ಸ್ ಪ್ರವಾಸಕ್ಕೆ ಆಯಿಲ್ ಬಣ್ಣ ಒಯ್ಯಬಹುದಾ?

ಮೈಸೂರಿನಿಂದ ಗುಂಪಾಗಿ ಫ್ಲಾರೆನ್ಸಿಗೆ ಹೊರಟ ಕಲಾ ವಿದ್ಯಾರ್ಥಿಯೊಬ್ಬರ ಪ್ರಶ್ನೆ ಇದು; ಅವರ ಸೀನಿಯರ್ ಒಬ್ಬರ ಬಣ್ಣದ ಪೆಟ್ಟಿಗೆಯನ್ನು ವಿಮಾನ ಹತ್ತಲು ಬಿಡಲಿಲ್ಲವಂತೆ. ನಿಮ್ಮ ಸೀನಿಯರ್ ಅವರ ಪೆಟ್ಟಿಗೆಯನ್ನು ಏರ್‌ಪೋರ್ಟಿನಲ್ಲಿ ತಡೆದದ್ದು ಬಹುಶಃ ಟ್ಯೂಬುಗಳಿಗಾಗಿ ಅಲ್ಲ, ಜೊತೆಗಿದ್ದ, ಬಣ್ಣ ತೆಳು ಮಾಡುವ ಟರ್ಪೆಂಟೈನ್‌ಗಾಗಿ. ಅದು ಬೇಗ ಹೊತ್ತಿಕೊಳ್ಳುತ್ತದೆ, ಯಾವ ಬ್ಯಾಗಿನಲ್ಲಿಟ್ಟರೂ ಬಿಡುವುದಿಲ್ಲ. ಚಾರ್‌ಕೋಲ್‌ ಚಿತ್ರಕ್ಕೆ ಅಳಿಸದಂತೆ ಹೊಡೆಯುವ ಫಿಕ್ಸೆಟಿವ್ ಸ್ಪ್ರೇ ಕೂಡ ಅಷ್ಟೇ. ಎರಡನ್ನೂ ಮೈಸೂರಲ್ಲೇ ಬಿಟ್ಟು ಹೋಗಿ, ಫ್ಲಾರೆನ್ಸಿನಲ್ಲೇ ಕೊಳ್ಳಿ.

ಟ್ಯೂಬಿನಲ್ಲಿ ಸಾಮಾನ್ಯವಾಗಿ ಇರುವುದು ಅಗಸೆ ಎಣ್ಣೆ, ಅಷ್ಟು ಸುಲಭವಾಗಿ ಹೊತ್ತುವುದಿಲ್ಲ. ಆದರೂ ಮೊದಲು ಬಣ್ಣದ ಕಂಪನಿಯ ವೆಬ್‌ಸೈಟಿನಿಂದ ಸೇಫ್ಟಿ ಡೇಟಾ ಶೀಟ್ (ಸುರಕ್ಷತಾ ವಿವರಗಳ ಹಾಳೆ) ಇಳಿಸಿಕೊಳ್ಳಿ. ಅದರಲ್ಲಿ ಫ್ಲ್ಯಾಶ್ ಪಾಯಿಂಟ್, ಅಂದರೆ ಆವಿ ಹೊತ್ತಿಕೊಳ್ಳಬಲ್ಲ ಕನಿಷ್ಠ ಉಷ್ಣತೆ, 60 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಇದ್ದರೆ ಪ್ರಿಂಟ್ ತೆಗೆದು ಟ್ಯೂಬುಗಳ ಜೊತೆಗೇ ಇಡಿ. ಆಮೇಲೆ ಇಡೀ ಗುಂಪಿನ ಪರವಾಗಿ ನಿಮ್ಮ ಮೇಷ್ಟ್ರಿಂದ ಏರ್‌ಲೈನ್‌ಗೆ ಈ ಬಣ್ಣ ಒಯ್ಯಬಹುದೇ ಎಂದು ಒಂದು ಮೇಲ್ ಹಾಕಿಸಿ. ಟ್ಯೂಬು, ಬ್ಲೇಡು, ಪ್ಯಾಲೆಟ್ ನೈಫ್ ಎಲ್ಲಾ ಚೆಕ್‌-ಇನ್ ಬ್ಯಾಗಿಗೆ.

ಇಷ್ಟಾದರೂ ಕೊನೆಯ ಮಾತು ಅವತ್ತಿನ ಭದ್ರತಾ ಸಿಬ್ಬಂದಿಯದೇ. ಅದಕ್ಕೇ ಒಂದು ವಾಟರ್‌ಕಲರ್ ಕೇಕ್ ಡಬ್ಬಿ ಜೊತೆಗಿರಲಿ.